ಕೋಟೆಯ ತೋಪು, ಕೌದಿಯ ಕಾಳು

ಮೊಮ್ಮಕ್ಕಳಾದ ಶರಣು, ಅಂಬಿಕಾ,

ದೀಪಾವಳಿಗೆ ನಾನು ನಿಮ್ಮ ಬೀದರಿಗೆ ಬಂದಾಗ ಶರಣುವಿನ ಶಾಲೆಯಲ್ಲಿ ಚರ್ಚಾಸ್ಪರ್ಧೆ ಇತ್ತು. ಇವತ್ತಿನ ಅಮೆರಿಕ ಹಿಂದಿನ ಸಾಮ್ರಾಜ್ಯಗಳಿಗಿಂತ ದೊಡ್ಡದೋ ಅಲ್ಲವೋ ಎಂಬುದು ವಿಷಯ. ಅಂಬಿಕಾ ನನ್ನ ಸೆರಗು ಹಿಡಿದು, "ಆಯಿ, ನಿನಗೇನ್ ಅನಸ್ತದ ಹೇಳು" ಎಂದಳು. ನಿಮ್ಮಪ್ಪನ ಸ್ನೇಹಿತರು ಕುಳಿತಿದ್ದರು. ನಾನು ನಕ್ಕು ರೊಟ್ಟಿ ಬಡಿಯಲು ಒಳಗೆ ಹೋದೆ. ಗುಡಿಯ ಪೌಳಿಯಲ್ಲಿ ನಡೆಯುತ್ತಿದ್ದ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದವಳು ನಾನು, ನಾಲ್ಕು ಜನರ ಮುಂದೆ ಬಾಯಿ ಬಿಡುವುದು ನನ್ನಿಂದಾಗದು. ಬರೆಯುವುದಾದರೆ ಆದೀತು. ಶಿವರಾತ್ರಿ ಮುಗಿದ ಮರುವಾರ ನಮ್ಮೂರು ಕಮಲಾಪುರದಿಂದ ಕಲಬುರಗಿಗೆ ಎರಡು ದಿನದ ಪ್ರಯಾಣ ಮಾಡಿದೆ. ನಿಮ್ಮ ಪ್ರಶ್ನೆಗೆ ನನಗೆ ತಿಳಿದಷ್ಟು ಉತ್ತರ ಆ ದಾರಿಯಲ್ಲಿ ಸಿಕ್ಕಿತು.

ಹೋದದ್ದು ಕೌದಿಯ ಕೆಲಸಕ್ಕೆ. ನಾನು ಕೌದಿ ಹೊಲಿಯುವುದನ್ನು ನೀವು ನೋಡಿದ್ದೀರಿ. ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹಾಸಿ ಅಂಚಿನಿಂದ ಹೊಲಿಗೆ ಶುರುಮಾಡುತ್ತೇವೆ. ಸುತ್ತು ಹಾಕುತ್ತ ಒಳಗೊಳಗೆ ಬಂದರೆ ಕೊನೆಗೆ ನಟ್ಟನಡುವೆ ಅಂಗೈಯಷ್ಟು ಜಾಗ ಉಳಿಯುತ್ತದೆ. ಅದು ಕೌದಿಯ ಹೊಟ್ಟೆ. ಅದನ್ನು ಮುಚ್ಚುವ ಮೊದಲು ಒಳಗೆ ನಾಲ್ಕು ಕಾಳು ಜೋಳವನ್ನೋ ಒಂದು ಚೂರು ಒಣರೊಟ್ಟಿಯನ್ನೋ ಇಡುತ್ತೇವೆ. ಹೊಟ್ಟೆ ತುಂಬಿದ ಕೌದಿ ಹೊದ್ದವರು ಹಸಿದು ಮಲಗುವುದಿಲ್ಲ ಎಂದು ನನ್ನ ಅತ್ತೆ ಹೇಳಿಕೊಟ್ಟದ್ದು. ಅವರಿಗೆ ಅವರ ಅತ್ತೆ ಹೇಳಿರಬೇಕು.

ಎರಡು ವರ್ಷದಿಂದ ಕಲಬುರಗಿಯ ಅಂಚಿನ ಕಪನೂರಿನ ಒಂದು ಸಣ್ಣ ಕಾರ್ಖಾನೆಯವರು ನಮ್ಮ ಓಣಿಯ ಹೆಂಗಸರ ಕೈಯಲ್ಲಿ ಕೌದಿ ಹೊಲಿಸುತ್ತಾರೆ. ಅಲ್ಲಿಂದ ಅವು ಅಮೆರಿಕದ ಒಂದು ಅಂಗಡಿಗೆ ಹೋಗುತ್ತವೆ. ಅಳತೆ ಎಷ್ಟು, ಬಣ್ಣ ಯಾವುದು, ಹೊಲಿಗೆ ಎಷ್ಟು ಒತ್ತಾಗಿರಬೇಕು, ಎಲ್ಲವನ್ನೂ ಅವರು ಹೇಳಿದ್ದರು. ಹೊಟ್ಟೆಯ ಮಾತು ಅವರು ಕೇಳಲಿಲ್ಲ, ನಾವೂ ಹೇಳಲಿಲ್ಲ. ಸಾರಿಗೆ ಉಪ್ಪು ಹಾಕಿದ್ದೇವೆಂದು ಯಾರಾದರೂ ಸಾರಿ ಹೇಳುತ್ತಾರೆಯೇ? ಎಲ್ಲ ಕೌದಿಗಳಿಗೂ ನಾವು ವಾಡಿಕೆಯಂತೆ ಹೊಟ್ಟೆ ತುಂಬಿಸಿಯೇ ಕಳಿಸಿದೆವು.

ಮೊದಲ ಸಾಗಣೆ ಮುಟ್ಟಿದ ಕೆಲವು ತಿಂಗಳಿಗೆ ಅಲ್ಲಿಯ ಗೋದಾಮಿನಲ್ಲಿ ಒಂದು ಕೌದಿಯ ನಡುವಿನಿಂದ ನುಸಿ ಹೊರಬಂತಂತೆ. ತಮ್ಮ ದೇಶಕ್ಕೆ ಕಾಳು ಹೀಗೆ ಬರುವಂತಿಲ್ಲ ಎಂದು ಅಂಗಡಿಯವರು ಹೇಳಿಕಳಿಸಿದರು. ಎರಡನೆಯ ಸಾಗಣೆ ಕಪನೂರಿನಲ್ಲೇ ನಿಂತಿತು. ಕಾರ್ಖಾನೆಯ ಮೇಲ್ವಿಚಾರಕಿ ರಿಜ್ವಾನಾ ನನಗೆ ಫೋನ್ ಮಾಡಿದಳು. "ನೀಲಕ್ಕಾ, ಎಲ್ಲಾ ಕೌದಿ ಹೊಟ್ಟಿ ಬಿಚ್ಚಿ ಕಾಳು ತೆಗೀಬೇಕ್ರಿ. ಹೈದರಾಬಾದಿಂದ ತಪಾಸಣಿ ಮೇಡಂ ಬರ್ತಾರ. ಒಂದರಾಗ ಕಾಳು ಸಿಕ್ರೂ ಕೆಲಸಾನೇ ಬಂದ್ ಆಗ್ತದ" ಎಂದಳು.

ಕೆಲಸ ಬಂದ್ ಆದರೆ ಹೆಂಗಸರು ಮತ್ತೆ ಬಿಸಿಲಲ್ಲಿ ಪರರ ಹೊಲಕ್ಕೆ ಹೋಗಬೇಕು. ಕಟ್ಟೆಯ ಮೇಲೆ ನೆರಳಲ್ಲಿ ಕುಳಿತು ದುಡಿಯುವುದು ನಮ್ಮ ಓಣಿಗೆ ಮೊದಲ ಸಲ ಬಂದ ಸುಖ. ಆದರೆ ಅದೇ ವಾರ ಜೋಳದ ರಾಶಿ, ಯಾರಿಗೂ ಬಿಡುವಿಲ್ಲ. ಕೊನೆಗೆ ನಾನು ಮತ್ತು ಪಕ್ಕದ ಮನೆಯ ಚಂದಮ್ಮ ಹೊರಟೆವು. ಚಂದಮ್ಮ ನನಗಿಂತ ಹಿರಿಯಳು. ಓಣಿಯ ಅರ್ಧ ಜನಕ್ಕೆ ಕೌದಿ ಕಲಿಸಿದವಳು ಅವಳೇ. ಬಸ್ಸು ಹತ್ತುವ ಮೊದಲೇ ಹೇಳಿಬಿಟ್ಟಳು: "ನಾ ಬರ್ತೀನಿ ಖರೆ. ಕೌದಿ ಹೊಟ್ಟಿ ಖಾಲಿ ಮಾಡಂಗಿಲ್ಲ. ಅಂಥಾ ಕೆಲಸ ನನ್ನ ಕೈಲೆ ಆಗಂಗಿಲ್ಲ." "ಮತ್ತ ಯಾಕ ಬರ್ಲಾಕತ್ತೀ?" ಎಂದೆ. "ನೀ ಒಬ್ಬಾಕಿ ಹೋದ್ರ ಬಾಯಿ ಬಿಡಂಗಿಲ್ಲ, ಅದಕ್ಕ" ಎಂದಳು.

ಬೆಳಗ್ಗೆ ಎಂಟರ ಬಸ್ಸು ಹಿಡಿದೆವು. ತಮ್ಮನ ಮನೆಗೆಂದು ನಾನು ನಮ್ಮೂರ ಕೆಂಪು ಬಾಳೆಯ ಒಂದು ಚಿಪ್ಪು ತೆಗೆದುಕೊಂಡಿದ್ದೆ. ಚಂದಮ್ಮನ ಮಡಿಲಲ್ಲಿ ಬುತ್ತಿಗಂಟಿತ್ತು. ಕಡಕ್ ರೊಟ್ಟಿ, ನಂಜಿಕೊಳ್ಳಲು ಶೇಂಗಾ ಹಿಂಡಿ, ಎರಡು ಉಳ್ಳಾಗಡ್ಡಿ. ಗಂಟಿನ ಬಟ್ಟೆ ಅವಳ ಗಂಡನ ಹಳೆಯ ಧೋತರ. ಆತ ಬದುಕಿದ್ದಾಗ ಅವಳು ಹೊಲಕ್ಕೆ ಬುತ್ತಿ ಒಯ್ಯುತ್ತಿದ್ದದ್ದೂ ಅದರಲ್ಲೇ. ಒಗೆದು ಒಗೆದು ಹೂವಿನಷ್ಟು ಮೆತ್ತಗಾಗಿತ್ತು.

ಹೆಂಗಸರು ಬಸ್ಸಿನಲ್ಲಿ ದುಡ್ಡು ಕೊಡಬೇಕಾಗಿಲ್ಲ, ಆಧಾರ್ ತೋರಿಸಿದರೆ ಸಾಕು. ಕಂಡಕ್ಟರ್ ಚಂದಮ್ಮನ ಕಾರ್ಡು ನೋಡಿ, "ಯಮ್ಮಾ, ಈ ಫೋಟೋದಾಗಿದ್ದಾಕಿ ನೀನೇ ಏನು?" ಎಂದ. "ನಾನೇ ಅಪ್ಪಾ. ತೆಗಿಯೋರು ನಗಬ್ಯಾಡ ಅಂದ್ರು. ನಕ್ಕಿದ್ರ ನಿನಗೂ ಗುರ್ತ ಸಿಗ್ತಿತ್ತು" ಎಂದಳು. ಹಿಂದಿನ ಸೀಟಿನವರೆಲ್ಲ ನಕ್ಕರು.

ಕಲಬುರಗಿ ನಲವತ್ತು ಕಿಲೋಮೀಟರಿಗೆ ತುಸು ಕಡಿಮೆ. ನಮ್ಮೂರ ಕೆಂಪು ಮಣ್ಣು ಮುಗಿದು ಕರಿ ಮಣ್ಣು ಬಂತು. ತೊಗರಿ ಕೊಯ್ದ ಹೊಲಗಳಲ್ಲಿ ಬರೀ ಕೂಳೆ ನಿಂತಿತ್ತು. ಒಂಬತ್ತು ದಾಟುವಾಗ ಕಪನೂರಿನಲ್ಲಿ ಇಳಿದೆವು. ಬಿಸಿಲು ಆಗಲೇ ನೆತ್ತಿ ಸುಡುತ್ತಿತ್ತು. ತಗಡಿನ ಶೆಡ್ಡುಗಳ ನಡುವೆ ಕಬ್ಬಿಣ ಕೊಯ್ಯುವ ಸದ್ದು, ಬೇಳೆ ಗಿರಣಿಯ ಧೂಳು. ಕೌದಿಯ ಕಾರ್ಖಾನೆ ಒಂದು ಗ್ಯಾರೇಜಿನ ಹಿಂದಿದೆ.

ರಿಜ್ವಾನಾ ನೀರು ಕೊಟ್ಟು ಪೆಚ್ಚು ಮೋರೆ ಮಾಡಿಕೊಂಡಳು. "ತಪ್ಪಾತ್ರಿ ಅಕ್ಕಾ. ಮೇಡಂ ನಾಳಿ ಮಧ್ಯಾಹ್ನ ಬರ್ತಾರ. ಅವರ ಕಣ್ಣ ಮುಂದೇ ಬಿಚ್ಚಬೇಕಂತ ಈಗ ಹೇಳ್ಯಾರ. ಗಂಟು ಮುಟ್ಟಂಗಿಲ್ಲ." ಮೂಲೆಯಲ್ಲಿ ನಮ್ಮ ಕೌದಿಗಳು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಕೊಂಡು ಕುಳಿತಿದ್ದವು. ಚಂದಮ್ಮ ದೂರದಿಂದಲೇ ತನ್ನದನ್ನು ಗುರುತಿಸಿ, "ನೋಡಿಲ್ಲಿ, ಹೊಟ್ಟಿ ತುಂಬಿ ಹೆಂಗ ನಿಚ್ಚಿಂತಿ ಕುಂತಾವ" ಎಂದಳು.

ಊರಿಗೆ ಹಿಂತಿರುಗುವ ಬದಲು ಜೇವರ್ಗಿ ಕಾಲೋನಿಯ ನನ್ನ ತಮ್ಮ ಮಲ್ಲಣ್ಣನ ಮನೆಗೆ ಹೋದೆವು. ಬಸ್ ನಿಲ್ದಾಣದವರೆಗೆ ಶೇರ್ ಆಟೋ, ತಲೆಗೆ ಇಪ್ಪತ್ತು ರೂಪಾಯಿ. ಅಲ್ಲಿಂದ ಇನ್ನೊಂದು ಆಟೋಗೆ ಅರವತ್ತು ಕೇಳಿದವನು ಚಂದಮ್ಮನ ಬಾಯಿಗೆ ಅಂಜಿ ನಲವತ್ತಕ್ಕೆ ಬಂದ. ಮಲ್ಲಣ್ಣ ಬ್ಯಾಂಕಿನಿಂದ ನಿವೃತ್ತನಾದವನು, ದಿನಕ್ಕೆ ಮೂರು ಪತ್ರಿಕೆ ಓದುತ್ತಾನೆ. ಸಂಜೆ ಊಟಕ್ಕೆ ಕುಳಿತಾಗ ನಮ್ಮ ಕಥೆ ಕೇಳಿ, ಶರಣುವಿನ ಚರ್ಚಾಸ್ಪರ್ಧೆಯ ವಿಷಯವನ್ನೂ ನನ್ನಿಂದ ಕೇಳಿ ತಿಳಿದು, ಕೈಯಲ್ಲಿ ತುತ್ತು ಹಿಡಿದುಕೊಂಡೇ ಭಾಷಣ ಶುರುಮಾಡಿದ.

"ಅಕ್ಕಾ, ಇದರಾಗ ಚರ್ಚಾ ಏನದ? ಬಹಮನಿ ಸುಲ್ತಾನರ ರಾಜ್ಯ ಎಲ್ಲಿ ತನಕ ಇತ್ತು? ಸಮುದ್ರದ ತನಕ. ಆಮ್ಯಾಲ ನಿಜಾಮ. ಅವನ ಮಾತು ಹೈದರಾಬಾದಿನಿಂದ ಇಲ್ಲಿ ತನಕ ನಡೀತಿತ್ತು. ಅಮೆರಿಕದ್ದು ಹಂಗಲ್ಲ. ಅವರ ಹಡಗ ಇಲ್ಲದ ಸಮುದ್ರ ಇಲ್ಲ. ಅವರ ದುಡ್ಡು ನಡೀಲಾರದ ದೇಶ ಇಲ್ಲ."

ಚಂದಮ್ಮ ಮಜ್ಜಿಗೆ ಬಟ್ಟಲು ಕೆಳಗಿಟ್ಟಳು. "ಅಷ್ಟು ದೊಡ್ಡವರಿಗಿ ನನ್ನ ನಾಕು ಕಾಳು ಜ್ವಾಳಂದ್ರ ಯಾಕಪ್ಪಾ ಅಂಜಿಕಿ?"

"ಅಂಜಿಕಿ ಅಲ್ಲ ಯಕ್ಕಾ. ಆ ಕಾಳಿನಾಗಿನ ನುಸಿ ಅವರ ಕಣಜಕ್ಕ ಹೊಕ್ರ? ಅವರ ರೈತರ ಗತಿ?"

"ನಮ್ಮ ಕಣಜಕ್ಕ ದಿನಾ ಹೋಗ್ತದ. ಬೇವಿನ ಸೊಪ್ಪು ಹಾಕ್ತೀವಿ. ಅವರಲ್ಲಿ ಬೇವಿನ ಗಿಡ ಇಲ್ಲೇನು?"

ಮಲ್ಲಣ್ಣನಿಗೆ ಅಮೆರಿಕದಲ್ಲಿ ಬೇವಿನ ಗಿಡ ಇದೆಯೋ ಇಲ್ಲವೋ ಗೊತ್ತಿರಲಿಲ್ಲ. ಆದರೆ ಅವನ ಮಾತಿನಲ್ಲಿ ನ್ಯಾಯವಿದೆ ಎನಿಸಿತು. ನಮ್ಮ ತೊಗರಿಗೆ ಪರರ ಮನೆಯ ಹುಳು ಬಂದರೆ ನಾವು ಸುಮ್ಮನಿರುತ್ತೇವೆಯೇ? ಹಾಗೆಂದು ಚಂದಮ್ಮನಿಗೆ ಹೇಳುವ ಧೈರ್ಯ ಆಗಲಿಲ್ಲ.

ಮರುದಿನ ಮಧ್ಯಾಹ್ನದವರೆಗೆ ಸಮಯವಿತ್ತು. ತಂಪು ಹೊತ್ತಿನಲ್ಲೇ ಕೋಟೆ ನೋಡಲು ಹೋದೆವು. ಮದುವೆಯಾದ ಹೊಸತರಲ್ಲಿ ನಿಮ್ಮ ಮುತ್ಯಾ ನನ್ನನ್ನು ರೋಜಾ ಓಣಿಯ ದರ್ಗಾಗೆ ಕರೆತಂದಾಗ ಕೋಟೆಯನ್ನು ಹೊರಗಿನಿಂದ ತೋರಿಸಿದ್ದರು, ಒಳಗೆ ಹೋಗಿರಲಿಲ್ಲ. ಕಂದಕದ ದಂಡೆಯಲ್ಲಿ ಆಡುಗಳು ಮೇಯುತ್ತಿದ್ದವು. ಒಳಗಿನ ದೊಡ್ಡ ಮಸೀದಿಗೆ ಬಯಲು ಅಂಗಳವೇ ಇಲ್ಲ, ಪೂರ್ತಿ ಮಾಡು. ಕಮಾನಿನ ಹಿಂದೆ ಕಮಾನು, ಅದರ ಹಿಂದೆ ಇನ್ನೊಂದು. ಅಷ್ಟರಲ್ಲಿ ಬಿಸಿಲೇರಿತ್ತು, ಹೊರಗಿನ ಕಾವಿನಿಂದ ಅಲ್ಲಿಗೆ ಕಾಲಿಟ್ಟರೆ ನೀರಲ್ಲಿ ಇಳಿದಂತೆ ತಂಪು. ಚಂದಮ್ಮ ಸೆರಗು ತಲೆಗೆಳೆದುಕೊಂಡು ಒಂದು ಕಂಬಕ್ಕೆ ಅಂಗೈ ಹಚ್ಚಿ ನಿಂತಳು.

ಆಮೇಲೆ ಬುರುಜಿನ ಮೆಟ್ಟಿಲು ಹತ್ತಿ ಉದ್ದನೆಯ ತೋಪು, ಅಂದರೆ ಫಿರಂಗಿ, ನೋಡಿದೆವು. ತೆಂಗಿನ ಮರವನ್ನು ಅಡ್ಡ ಕೆಡವಿದಂತಿದೆ. ದರ್ಗಾದ ಹರಕೆ ತೀರಿಸಲು ಬಂದಿದ್ದ ಒಂದು ಕುಟುಂಬದ ಹುಡುಗಿಯರು ಅದರ ಮೇಲೆ ಸಾಲಾಗಿ ಕುಳಿತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ನೆರಳಿನಲ್ಲಿ ಕುಳಿತ ಕಾವಲುಗಾರನನ್ನು ಚಂದಮ್ಮ ಕೇಳಿದಳು: "ಏನಪ್ಪಾ, ಇದರಿಂದ ಯಾರಿಗಿ ಹೊಡದ್ರು?"

"ಯಾರಿಗಿ ಗೊತ್ತವ್ವಾ. ನಾ ಬಂದಾಗಿಂದ ಬರೀ ಫೋಟೋ ಹೊಡಿಲಾಕತ್ತಾರ."

ನಾನು ತೋಪಿನ ಕಬ್ಬಿಣ ಮುಟ್ಟಿ ನೋಡಿದೆ. ಬಿಸಿಯಾಗಿತ್ತು. ಇದನ್ನು ಮೇಲೆ ಎಳೆದು ತಂದವರು ಯಾವ ಊರಿನವರೋ, ಅವರ ಬುತ್ತಿಯಲ್ಲಿ ಏನಿತ್ತೋ ಎಂದು ಯೋಚನೆ ಬಂತು. ಇಷ್ಟೆಲ್ಲ ಕಟ್ಟಿದ ಮೇಲೆ ಅದೇ ಸುಲ್ತಾನರು ರಾಜಧಾನಿಯನ್ನು ನಿಮ್ಮ ಬೀದರಿಗೆ ಒಯ್ದರು. ಈಗ ಎರಡೂ ಕಡೆ ಆಡು ಮೇಯುತ್ತವೆ. ತೋಪಿನಿಂದ ನಮಗೆ ಉಳಿದದ್ದು ಏನೂ ಇಲ್ಲ. ಮಸೀದಿಯ ನೆರಳು ಉಳಿದಿದೆ. ಜಮೀನು, ಫಸಲು, ಕಚೇರಿ ಎಂದು ನಾವು ದಿನವೂ ಆಡುವ ಫಾರಸಿ ಮಾತು ಆ ಕಾಲದ್ದು ಎಂದು ಮಲ್ಲಣ್ಣ ಹೇಳುತ್ತಾನೆ.

ಹನ್ನೆರಡರ ಹೊತ್ತಿಗೆ ಕಪನೂರಿಗೆ ಬಂದು ಶೆಡ್ಡಿನ ನೆರಳಿನಲ್ಲಿ ಬುತ್ತಿ ಬಿಚ್ಚಿದೆವು. ಉಂಡ ಮೇಲೆ ಚಂದಮ್ಮ ಬಟ್ಟೆಯನ್ನು ನಲ್ಲಿಯಲ್ಲಿ ಹಿಂಡಿ ಗೋಡೆಯ ಮೇಲೆ ಹರವಿದಳು. ಅಷ್ಟರಲ್ಲಿ ತಪಾಸಣೆಯ ಮೇಡಂ ಬಂದರು. ಸಣ್ಣ ವಯಸ್ಸಿನವರು, ಹಿಂದಿಯಲ್ಲಿ ಮಾತಾಡುತ್ತಿದ್ದರು, ರಿಜ್ವಾನಾ ನಮಗೆ ಕನ್ನಡದಲ್ಲಿ ಹೇಳುತ್ತಿದ್ದಳು. ಗಂಟುಗಳನ್ನು ಬಿಚ್ಚಿದರು. ನಾನು ಕತ್ತರಿಯ ತುದಿಯಿಂದ ನನ್ನದೊಂದು ಕೌದಿಯ ನಡುವಿನ ಹೊಲಿಗೆ ಬಿಡಿಸಿ ಕಾಳು ಹೊರಗೆ ತೆಗೆದೆ. ಮೇಡಂ ಬ್ಯಾಟರಿಯ ಬೆಳಕು ಬಿಟ್ಟು ಒಳಗೆ ನೋಡಿ ತಲೆಯಾಡಿಸಿದರು.

ಚಂದಮ್ಮ ತನ್ನ ಕೌದಿಯನ್ನು ಮಡಿಲಿಗೆ ಎಳೆದುಕೊಂಡು ಕುಳಿತೇ ಇದ್ದಳು. "ಅಕ್ಕಾ, ಬಿಚ್ರಿ" ಎಂದಳು ರಿಜ್ವಾನಾ.

"ನಾ ಹೇಳಿ ಬಂದೀನಿ. ಖಾಲಿ ಹೊಟ್ಟಿ ಕೌದಿ ನಾ ಯಾರಿಗೂ ಹೊದಿಸಿಲ್ಲ. ಅವರು ಅಮೆರಿಕದವರಿರಲಿ, ಯಾರರೇ ಇರಲಿ. ಹೊದ್ದು ಮಲಗೋದು ಮನಶ್ಯಾರೇ ಅಲ್ಲೇನು?"

"ಖಾಲಿ ಮಾಡಲಿಲ್ಲಂದ್ರ ಮಾಲು ಹೋಗಂಗಿಲ್ಲ. ಮುಂದ ಕೆಲಸ ಇಲ್ಲ. ಹೊಟ್ಟಿ ಯಾರದು ಖಾಲಿ ಆಗ್ತದ ಹೇಳ್ರಿ?"

ಚಂದಮ್ಮನ ಮುಖ ಕೆಂಪಾಯಿತು. ಕೌದಿಯನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡಳು. ಮೇಡಂ ಗಡಿಯಾರ ನೋಡಿಕೊಂಡರು. ಒಂದು ಕೌದಿ ಉಳಿದರೂ ಇಡೀ ಸಾಗಣೆಗೆ ಒಪ್ಪಿಗೆ ಇಲ್ಲ ಎಂದರು.

ಗೋಡೆಯ ಮೇಲೆ ಬುತ್ತಿಬಟ್ಟೆ ಆಗಲೇ ಒಣಗಿ ಗಾಳಿಗೆ ಆಡುತ್ತಿತ್ತು. ಎದ್ದು ಹೋಗಿ ತಂದೆ. "ರಿಜ್ವಾನಾ, ಒಳಗ ಬಟ್ಟಿ ಇಟ್ರ ನಡೀತದೇನು ಕೇಳವ್ವಾ. ಕಾಳಲ್ಲ. ಬರೇ ಬಟ್ಟಿ" ಎಂದೆ. ನನ್ನ ದನಿ ನನಗೇ ಬೇರೆಯವರದಂತೆ ಕೇಳಿಸಿತು.

ಮೇಡಂ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದರು, ಮೂಸಿದರು. ಕೌದಿಯೇ ಬಟ್ಟೆ, ಒಳಗೆ ಇನ್ನೊಂದು ಚೂರು ಬಟ್ಟೆ ಇದ್ದರೇನು ಎಂದರು. ಕಾದ ನೀರಲ್ಲಿ ಕುದಿಸಿ ಒಣಗಿಸಬೇಕು, ಅಂಗಡಿಯವರನ್ನೂ ಕೇಳಬೇಕು ಎಂದರು. ನಾನು ಚಂದಮ್ಮನ ಮುಂದೆ ಕುಳಿತೆ.

"ಇಷ್ಟು ವರ್ಷ ರೊಟ್ಟಿ ಹೊತ್ತ ಬಟ್ಟಿ ಇದು. ಇದಕ್ಕಿಂತ ಹೊಟ್ಟಿ ತುಂಬಿದ್ದು ನಿನ್ನ ಮನ್ಯಾಗ ಮತ್ತೇನದ?"

ಅವಳು ಬಹಳ ಹೊತ್ತು ಬಟ್ಟೆಯನ್ನು ಸವರುತ್ತ ಕುಳಿತಳು. ಅದು ಆತನ ಧೋತರವೆಂದು ನನಗೂ ಗೊತ್ತಿತ್ತು, ಅದಕ್ಕೇ ಮುಂದೆ ಒತ್ತಾಯ ಮಾಡಲಿಲ್ಲ. ಕೊನೆಗೆ ಅವಳೇ ಕತ್ತರಿಗೆ ಕೈಚಾಚಿದಳು. "ತಾ ಇಲ್ಲಿ. ಆತಗೂ ಒಂದ್ಸಲ ವಿಮಾನ ಹತ್ತಬೇಕಂತ ಆಸಿ ಇತ್ತು" ಎಂದಳು.

ಚಹಾದ ದೊಡ್ಡ ಪಾತ್ರೆಯಲ್ಲಿ ಧೋತರ ಕುದಿಯಿತು. ಅದು ಒಣಗುವುದರೊಳಗೆ ಎಲ್ಲ ಕೌದಿಗಳ ಹೊಟ್ಟೆ ಬಿಡಿಸಿ ಮುಗಿಸಿದೆವು. ಒಣಗಿದ ಮೇಲೆ ಧೋತರವನ್ನು ಚೂರು ಮಾಡಿ ಹೊಟ್ಟೆಗೊಂದರಂತೆ ಇಟ್ಟೆವು. ಇಳಿಹೊತ್ತಿಗೆ ಮೇಡಂ ಅಮೆರಿಕದ ಅಂಗಡಿಗೆ ವಿಡಿಯೋ ಫೋನ್ ಹಚ್ಚಿದರು. ಅಲ್ಲಿ ಆಗ ಬೆಳಗಂತೆ. ಪರದೆಯ ಮೇಲೆ ಬಿಳಿಕೂದಲ ಹೆಂಗಸೊಬ್ಬಳು ಕಾಣಿಸಿದಳು, ಅಂಗಡಿಯವಳು ಅವಳೇ. ಕೈಯಲ್ಲಿ ಚಹಾದ ಬಟ್ಟಲು, ಎರಡು ಸಲ ಆಕಳಿಸಿದಳು. ಆ ದೊಡ್ಡ ದೇಶದ ಮುಖ ನಾನು ಅಷ್ಟು ಹತ್ತಿರದಿಂದ ಕಂಡದ್ದು ಅದೇ. ಕಾಳು ಯಾಕೆ ಇಟ್ಟಿದ್ದಿರಿ ಎಂದು ಕೇಳಿದಳು. ಎಲ್ಲರೂ ನನ್ನ ಕಡೆ ನೋಡಿದರು. ಚಂದಮ್ಮ ಮೊಣಕೈಯಿಂದ ತಿವಿದಳು.

"ಹೊದ್ದವರು ಹಸಿದು ಮಲಗಬಾರದಂತ ಇಟ್ಟಿದ್ದು ಅಂತ ಹೇಳ್ರಿ" ಎಂದೆ.

ಮಾತು ಹಿಂದಿಗೆ ಹೋಗಿ, ಇಂಗ್ಲಿಷಿಗೆ ಹೋಗಿ, ಅಲ್ಲಿ ಮುಟ್ಟಿತು. ಆ ಹೆಂಗಸು ಬಟ್ಟಲು ಕೆಳಗಿಟ್ಟಳು. ಬಟ್ಟೆ ಆಗಬಹುದು, ಸರಕು ಕಳಿಸಿ ಎಂದಳು. ಆಮೇಲೆ ಇನ್ನೇನೋ ಕೇಳಿದಳು. ಮೇಡಂ ನಗುತ್ತ ರಿಜ್ವಾನಾಗೆ ಹೇಳಿದರು. ಮೊದಲ ಸಾಗಣೆಯ ಒಂದು ಕೌದಿ ಅವಳ ಮನೆಯಲ್ಲಿದೆಯಂತೆ, ಮಂಚದ ಮೇಲೆ. ಅದರ ಕಾಳು ತೆಗೆಯಬೇಕೋ ಬಿಡಬೇಕೋ?

"ಬ್ಯಾಡ ಅನ್ರಿ!" ಎಂದಳು ಚಂದಮ್ಮ.

"ಅವರ ದೇಶದ ಕಾನೂನು ಏನದ ಅವರು ನೋಡ್ಕೋಬೇಕು" ಎಂದೆ ನಾನು. "ಇಟ್ಕೊಂಡ್ರ, ತಿಂಗಳಿಗೊಮ್ಮಿ ಕಡಕ್ ಬಿಸಲಿಗಿ ಹಾಕಂತ ಹೇಳ್ರಿ. ನುಸಿ ಬೀಳಂಗಿಲ್ಲ."

ತಮ್ಮೂರಲ್ಲಿ ಈಗ ಬರೀ ಹಿಮ, ಬಿಸಿಲೇ ಇಲ್ಲ ಎಂದಳಂತೆ. ಚಂದಮ್ಮ ನನ್ನ ಕಡೆ ತಿರುಗಿ, "ಪಾಪ" ಎಂದಳು.

ರಿಜ್ವಾನಾಳೂ ಸೂಜಿ ಹಿಡಿದಳು, ಹೊಟ್ಟೆಗಳನ್ನೆಲ್ಲ ಹೊಲಿದು ಮುಚ್ಚಿ ಆರೂವರೆಯ ಬಸ್ಸು ಹತ್ತಿದೆವು. ಚಂದಮ್ಮನ ಸೆರಗಿನ ತುದಿಯಲ್ಲಿ ಕೌದಿಗಳಿಂದ ತೆಗೆದ ಜೋಳ ಗಂಟಾಗಿತ್ತು. ಎಸೆಯಲು ಬಿಡಲಿಲ್ಲ ಅವಳು, ಕೋಳಿಗಳಿಗೆ ಆಯಿತು ಎಂದಳು. ಕಿಟಕಿಯಿಂದ ಹಿಂದೆ ನೋಡಿದರೆ ಕಪನೂರಿನ ದೀಪಗಳಷ್ಟೇ ಕಂಡವು, ಕೋಟೆ ಅಲ್ಲಿಂದ ಕಾಣುವುದಿಲ್ಲ.

ಈಗ ನಿಮ್ಮ ಪ್ರಶ್ನೆ. ನನ್ನ ಅಜ್ಜ ನಿಜಾಮನ ಕಾಲದವನು. ವಸೂಲಿಗೆ ಬರುವವನ ಕುದುರೆ ದೂರದಿಂದಲೇ ಗುರುತು ಸಿಗುತ್ತಿತ್ತು ಎನ್ನುತ್ತಿದ್ದ. ಕಾಳು ಅಡಗಿಸಬಹುದಿತ್ತು, ಕಾಲು ಹಿಡಿಯಬಹುದಿತ್ತು, ಸಿಕ್ಕಿಬಿದ್ದರೆ ಏಟು. ಹಳೆಯ ಬಾದಶಹರು ನಮ್ಮ ಜೋಳ ಒಯ್ಯಲು ತೋಪು, ಕುದುರೆ ಕಟ್ಟಿಕೊಂಡು ಮನೆ ಬಾಗಿಲಿಗೆ ಬರಬೇಕಿತ್ತು. ಈಗಿನ ದೊಡ್ಡವರು ಬರುವುದೇ ಇಲ್ಲ. ಅಲ್ಲೇ ಕುಳಿತು ನಮ್ಮ ಜೋಳ ಬೇಡ ಎಂದರೆ ಸಾಕು, ಕಮಲಾಪುರದ ಒಂದು ಓಣಿ ನಡುಗುತ್ತದೆ. ತೋಪಿಲ್ಲದೆ ಇಷ್ಟು ದೂರದಿಂದ ನಡುಗಿಸುವ ಬಲ ಸುಲ್ತಾನರಿಗೆ ಇರಲಿಲ್ಲ. ಅದರಲ್ಲಿ ಇವರೇ ದೊಡ್ಡವರು, ಶರಣು. ನಮ್ಮ ಓಣಿಯ ಮಟ್ಟಿಗೆ ಹೇಳುವುದಾದರೆ ಇವರು ಯಾರನ್ನೂ ಹೊಡೆದಿಲ್ಲ, ಹೊಲಿದ ಕೂಲಿ ಸರಿಯಾಗಿ ಬಂದಿದೆ. ಬೇರೆ ದೇಶದವರನ್ನು ಕೇಳಿದರೆ ಬೇರೆ ಹೇಳಬಹುದು. ಆದರೆ ಹೋಗಿ ನಿಂತು ಬೇಡಿಕೊಳ್ಳೋಣವೆಂದರೆ ಇವರ ಕೋಟೆಗೆ ಬಾಗಿಲು ಎಲ್ಲಿದೆ ಗೊತ್ತಿಲ್ಲ. ನಮಗೆ ಆ ದಿನ ಒಂದು ಕಿಟಕಿ ತೆರೆಯಿತು, ಅದರಲ್ಲಿ ಒಬ್ಬ ಹೆಂಗಸು ಚಹಾ ಕುಡಿಯುತ್ತಿದ್ದಳು. ಎಲ್ಲರಿಗೂ ತೆರೆಯುತ್ತದೆಂದು ನಾನು ಹೇಳಲಾರೆ.

ಇವರ ನಂತರ ಏನು ಉಳಿಯುತ್ತದೆ ಎಂಬುದನ್ನು ನೋಡಲು ನಾನಿರುವುದಿಲ್ಲ, ಬಹುಶಃ ನೀವೂ ಇರುವುದಿಲ್ಲ. ನಿಮ್ಮ ಮಕ್ಕಳೋ ಅವರ ಮಕ್ಕಳೋ ಒಂದು ದಿನ ಅಲ್ಲಿಗೆ ಹೋಗಿ, ನಾವು ಕಲಬುರಗಿಯ ಕೋಟೆ ನೋಡಿದಂತೆ ನೋಡಿಯಾರು. ಅವರ ದೊಡ್ಡ ಯಂತ್ರದ ಮೇಲೆ ಸಾಲಾಗಿ ಕುಳಿತು ಫೋಟೋ ತೆಗೆಸಿಕೊಂಡಾರು. ಅಲ್ಲಿ ಯಾರದಾದರೂ ಮಂಚದ ಮೇಲೆ ಹಳೆಯ ಸೀರೆಗಳ ಕೌದಿ ಕಂಡರೆ ನಟ್ಟನಡುವೆ ಬೆರಳಿಟ್ಟು ನೋಡಲಿ. ಕಾಳು ಬೆರಳಿಗೆ ಹತ್ತದಿದ್ದರೆ ಖಾಲಿಯೆಂದು ತಿಳಿಯುವುದು ಬೇಡ. ಚಂದಮ್ಮನ ಗಂಡನ ಧೋತರದ ಚೂರು ಅಲ್ಲಿದೆ ಎಂದು ಹೇಳುವವರು ಆಗ ಯಾರೂ ಇರುವುದಿಲ್ಲ, ಈ ಹಾಳೆಗಳನ್ನು ಬಿಟ್ಟರೆ. ನಿಮಗೆ ನಾನು ಕೊಟ್ಟ ಕೌದಿಯ ಮಡಿಕೆಯಲ್ಲಿ ಇವನ್ನು ಜೋಪಾನವಾಗಿಡಿ. ತಿಂಗಳಿಗೊಮ್ಮೆ ಕೌದಿಯನ್ನು ಬಿಸಿಲಿಗೆ ಹಾಕುವಾಗ ಇವನ್ನು ತೆಗೆದು ನೆರಳಿನಲ್ಲಿಡಿ, ಶಾಯಿ ಮಾಸೀತು.

ನಿಮ್ಮ ಆಯಿ